ಹಸಿರು ಶಾಲು ಹೊದ್ದು ಹಾನುಬಾಳಿಗೆ

ಕುಂದೂರಿನಿಂದ ಬೆಳಗಿನ ಮೊದಲ ಬಸ್ಸಿಗೆ ಹೊರಟೆ. ಮಾರ್ಗಶಿರದ ಚಳಿ. ಗೂಟದಲ್ಲಿ ಮಗ ಪುಟ್ಟಸ್ವಾಮಿಯ ಹಸಿರು ಶಾಲು ನೇತಾಡುತ್ತಿತ್ತು, ತಲೆಗೆ ಸುತ್ತಿಕೊಂಡೆ. ಅದು ರೈತರ ಚಳವಳಿಯ ಶಾಲು ಎಂದು ಗೊತ್ತಿತ್ತು. ಕಿವಿ ಬೆಚ್ಚಗಿದ್ದರೆ ಯಾವ ಚಳವಳಿಯದಾದರೇನು?

ಹೋಗುತ್ತಿದ್ದುದು ಮೊಮ್ಮಗಳು ಸುಮಳ ಮದುವೆಯ ಸಲುವಾಗಿ. ಹಿಂದಿನ ವಾರ ಹಾನುಬಾಳಿನ ರಂಗಪ್ಪ ತಮ್ಮ ಮಗನಿಗೆ ಅವಳನ್ನು ಕೇಳಲು ಬಂದಿದ್ದರು. ಅವರು ಎಸ್ಟೇಟಿನ ಸ್ಟೋರಿನಲ್ಲಿ ಕೆಲಸದಲ್ಲಿದ್ದಾರೆ. ಕೂಲಿಗಾರರ ಸಂಘದ ಮುಂದಾಳು, ಕೆಂಪು ಬಾವುಟದವರು. ಹುಡುಗ ಹುಡುಗಿ ಒಪ್ಪಿದ್ದರು, ಊಟವೂ ಮುಗಿದಿತ್ತು. ಇನ್ನು ವೀಳ್ಯ ಬದಲಾಯಿಸಬೇಕು ಅನ್ನುವಷ್ಟರಲ್ಲಿ ಕೂಲಿಯ ಮಾತು ಬಂತು. "ಹಿಂಗೇ ಕೂಲಿ ಏರಿಸ್ತಾ ಹೋದ್ರೆ ಎರಡೆಕರೆಯೋನು ಏನ್ ತಿನ್ಬೇಕು?" ಅಂದ ನನ್ನ ಮಗ. "ನೀನೂ ಬಂಡವಾಳಶಾಹಿನೇ" ಅಂದುಬಿಟ್ಟರು ರಂಗಪ್ಪ. ವೀಳ್ಯ ತಟ್ಟೆಯಲ್ಲೇ ಉಳಿಯಿತು. ಅವತ್ತಿನಿಂದ ಸುಮ ಯಾರೊಡನೆಯೂ ಮಾತಾಡಿರಲಿಲ್ಲ. ಮೂತಿ ಊದಿಸಿಕೊಂಡು ಓಡಾಡುವವರನ್ನು ಕಂಡರೆ ನನಗಾಗದು. ಆಗುತ್ತದೋ ಇಲ್ಲವೋ ಕೇಳಿಯೇ ಬರೋಣವೆಂದು ಎಲೆ ಅಡಿಕೆ ಚೀಲಕ್ಕೆ ಹಾಕಿಕೊಂಡಿದ್ದೆ.

ಆಲೂರಿನಲ್ಲಿ ಬಸ್ಸು ಬದಲಾಯಿಸಿದೆ. ಕಂಡಕ್ಟರ್ ನನ್ನ ತಲೆ ನೋಡಿ, "ಅಜ್ಜಿ, ಇವತ್ತೆಲ್ಲಿ ರಸ್ತೆ ತಡೆ?" ಅಂದ.

"ಯಾರನ್ನೂ ತಡೆಯಲ್ಲ ಕಣೋ. ಟಿಕೆಟ್ ಕೊಡು."

ಆದರೂ ಶಾಲಿನ ದೆಸೆಯಿಂದ ಸೀಟು ಸಿಕ್ಕಿತು. ಬಾಳ್ಳುಪೇಟೆ ದಾಟುವವರೆಗೂ ಮಂಜಿನಲ್ಲಿ ರಸ್ತೆಯೇ ಕಾಣಲಿಲ್ಲ. ಸಕಲೇಶಪುರದಲ್ಲಿಳಿದು ಎರಡು ಇಡ್ಲಿ ತಿಂದೆ. ಸಾಂಬಾರು ಬರೀ ನೀರು, ಇಡ್ಲಿ ಪರವಾಗಿಲ್ಲ. ಅಲ್ಲಿಂದ ಮುಂದಕ್ಕೆ ಜೀಪು. ಹದಿನೇಳು ಜನರನ್ನು ತುರುಕಿದ್ದ. "ಇನ್ನೂ ಎಷ್ಟು ಜನಾನೋ?" ಅಂದದ್ದಕ್ಕೆ ಡ್ರೈವರ್ ನಕ್ಕ. "ಈಗೆಲ್ಲಾ ಮುಕ್ತ ಮಾರುಕಟ್ಟೆ ಕಣಜ್ಜಿ. ಹಿಡಿದಷ್ಟು ಹತ್ತಿಸ್ಕಬೋದು." ಮಾರುಕಟ್ಟೆ ಮುಕ್ತವಾಗಿತ್ತೋ ಏನೋ, ನನ್ನ ಮಂಡಿ ಮಾತ್ರ ಆಗಿರಲಿಲ್ಲ.

ಹಾನುಬಾಳಿನ ಚಹದಂಗಡಿಯ ಮುಂದೆಯೇ ಸಭೆ ನಡೆದಿತ್ತು. ಎಸ್ಟೇಟಿನ ಕೂಲಿಯವರು ಕೆಲಸ ನಿಲ್ಲಿಸಿ ಐದು ದಿನವಾಗಿತ್ತಂತೆ. ರಂಗಪ್ಪ ಬೆಂಚಿನ ಮೇಲೆ ನಿಂತು ಮಾತಾಡುತ್ತಿದ್ದರು. ನನ್ನ ಶಾಲು ಕಂಡು ಜನ ತಿರುಗಿದರು.

"ಯಾರೋ ಬೆಳೆಗಾರರ ಕಡೆಯೋರು ಬಂದ್ರು" ಅಂದ ಒಬ್ಬ.

"ನಾನು ಹೆಣ್ಣಿನ ಕಡೆಯೋಳು" ಅಂದೆ.

ಎಲ್ಲರೂ ನಕ್ಕರು. ರಂಗಪ್ಪ ಮಾತ್ರ ನಗಲಿಲ್ಲ. "ಮನೇಲಿ ಕೂತಿರಿ ಅಮ್ಮ, ಮುಗಿಸ್ಕಂಡ್ ಬತ್ತೀನಿ" ಅಂದರು.

ಮನೆಯಲ್ಲಿ ಅವರ ಹೆಂಡತಿ ಜಯಮ್ಮ ಅಕ್ಕಿ ರೊಟ್ಟಿ, ಹುಚ್ಚೆಳ್ಳು ಚಟ್ನಿ ಕೊಟ್ಟಳು. ಒಳ್ಳೆಯ ಕೈ. ತಿಂದು ಹಿತ್ತಲಿಗೆ ಹೋದರೆ ಅರ್ಧ ಎಕರೆ ಕಾಫಿ, ಹಣ್ಣು ಕೆಂಪಗಾಗಿ ನೆಲಕ್ಕೆ ಉದುರುತ್ತಿದೆ.

"ಕುಯ್ಯಕ್ಕೆ ಏನ್ ದಾಡಿ?" ಅಂದೆ.

"ಆಳು ಕರೆಯಂಗಿಲ್ಲ ಕಣಮ್ಮ. ಮುಷ್ಕರಕ್ಕೆ ಕರೆ ಕೊಟ್ಟೋರೇ ಇವರು. ನಾನೊಬ್ಳೇ ಎಷ್ಟೂಂತ ಕುಯ್ಯಲಿ?"

ಶಾಲು ಬಿಚ್ಚಿ ಸೊಂಟಕ್ಕೆ ಮಡಿಲಿನಂತೆ ಕಟ್ಟಿಕೊಂಡು ನಾನೂ ಕುಯ್ಯತೊಡಗಿದೆ. ಎರಡು ಸಾಲು ಮುಗಿಯುವ ಹೊತ್ತಿಗೆ ರಂಗಪ್ಪ ಓಡಿ ಬಂದರು.

"ಅಯ್ಯೋ ಅಮ್ಮ, ಬುಡಿ! ನನ್ ತೋಟದಲ್ಲೇ ಆಳು ಕುಯ್ದ್ರೆ ಜನ ಮಖಕ್ಕೆ ಉಗೀತಾರೆ."

"ನಾನು ಕೂಲಿ ಕೇಳ್ದೆನಾ? ಇದು ಮುಯ್ಯಾಳು. ಇವತ್ತು ನಿಮ್ ತೋಟಕ್ಕೆ ನಾನು, ನಾಳೆ ನಮ್ ಗದ್ದೆಗೆ ನೀವು. ನಿಮ್ ಸಂಘದಲ್ಲಿ ಇದಕ್ಕೂ ಅಡ್ಡಿ ಐತಾ?"

ಅವರು ಗಡ್ಡ ಕೆರೆದುಕೊಂಡರು. "ಮುಯ್ಯಾಳಿನ ಮಾತು ಯಾವ ಸಭೇಲೂ ಬಂದಿಲ್ಲ."

"ಬಂದಿಲ್ದಿದ್ರೆ ಬುಟ್ಟಿ ತಗಳಿ."

ತೆಗೆದುಕೊಂಡರು. ಸಂಜೆ ನಾಲ್ಕರವರೆಗೆ ಮೂವರೂ ಕುಯ್ದೆವು. ಕುಯ್ಯುತ್ತಲೇ ಸಮಾಜವಾದ ಅಂದರೇನೆಂದು ಹೇಳಿದರು. ನಾನು ಓದಿದ್ದು ಎರಡನೇ ಕ್ಲಾಸು, ಅರ್ಧ ತಿಳಿಯಿತು. ತಿಳಿದ ಅರ್ಧದಲ್ಲಿ ತಪ್ಪೇನೂ ಕಾಣಲಿಲ್ಲ. ಕೈ ತೊಳೆದು ಎಲೆ ಅಡಿಕೆ ಮುಂದಿಟ್ಟೆ.

"ನಿಮ್ ಮಗನ ಬಾಯಿ..." ಎಂದು ಶುರುಮಾಡಿದರು.

"ಅವನ ಬಾಯೂ ಕೆಟ್ಟದ್ದು, ನಿಮ್ದೂ ಕೆಟ್ಟದ್ದು. ಮದುವೆ ಆಗೋದು ನೀವಿಬ್ರಲ್ಲವಲ್ಲ?"

ಜಯಮ್ಮ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ರಂಗಪ್ಪ ಎಲೆ ಅಡಿಕೆಯನ್ನು ಮತ್ತೆ ನನ್ನ ಕಡೆಗೇ ಸರಿಸಿದರು.

"ಇಲ್ಲಿ ಬ್ಯಾಡ ಅಮ್ಮ. ನಿಮ್ ಜಗಲೀಲಿ ಬುಟ್ಟು ಬಂದಿದ್ ವೀಳ್ಯಾನ ಅಲ್ಲೇ ತಗಂತೀನಿ. ಮುಯ್ಯಿ ಉಳಿಸ್ಕಬಾರ್ದು. ಸೋಮವಾರ ಬತ್ತದ ಕುಯ್ಲಿಗೆ ಮಗನ್ನೂ ಕರ್ಕಂಡ್ ಬತ್ತೀನಿ."

ಶಾಲು ಹಣ್ಣಿನ ರಸದಲ್ಲಿ ನೆನೆದಿತ್ತು. ಜಯಮ್ಮ ಅದನ್ನು ಸೋಪಿನ ನೀರಿಗೆ ಹಾಕಿ, ತನ್ನದೊಂದು ಟವಲ್ಲು ಕೊಟ್ಟಳು. ಹಿಂದಿರುಗುವಾಗ ಸೀಟು ಸಿಗಲಿಲ್ಲ. ಆಲೂರಿನವರೆಗೂ ನಿಂತೇ ಬಂದೆ.

ಮನೆ ಮುಟ್ಟಿದಾಗ ದೀಪ ಹಚ್ಚಿದ್ದರು. ಮಗ ಜಗಲಿಯಲ್ಲೇ ಕಾದಿದ್ದ. "ನನ್ ಶಾಲು ಎಲ್ಲವ್ವ?"

"ಬೀಗರ ಮನೇಲಿ ಒಣಗ್ತೈತೆ. ಸೋಮವಾರ ಕುಡುಗೋಲು ಹಿಡ್ಕಂಡು ನಮ್ ಕುಯ್ಲಿಗೆ ಬತ್ತಾರೆ, ಅವರೇ ತತ್ತಾರೆ. ಅಲ್ಲೀಗಂಟ ಚಳಿ ತಡ್ಕೋ."

ಅವನು ಬಾಯಿ ತೆರೆಯುವ ಮೊದಲೇ ಒಳಗಿನಿಂದ ದನಿ ಬಂತು. "ಯಾರು, ಬೀಗರಾ?" ಸುಮ!

"ಕೇಳ್ಸಲ್ವೇನೇ? ಹೋಗು, ಕಾಫಿ ಕಾಯ್ಸು" ಅಂದೆ.