ನುಂಗಲಾರದವಳ ಉಪವಾಸ

ಬೆರಳುಗಳ ಚರ್ಮ ಬಿಗಿಯತೊಡಗಿದಾಗ ನಾನು ತಲೆ ಕೆಡಿಸಿಕೊಳ್ಳಲಿಲ್ಲ. ತಣ್ಣೀರು ಮುಟ್ಟಿದರೆ ತುದಿಗಳು ಬೆಳ್ಳಗಾಗಿ ಆಮೇಲೆ ನೀಲಿಗೆ ತಿರುಗುತ್ತಿದ್ದವು. ವಯಸ್ಸಾಯಿತು ಅಂದುಕೊಂಡೆ. ಅನ್ನ ಎದೆಯಲ್ಲೇ ನಿಲ್ಲತೊಡಗಿದ ಮೇಲೆ ಶಿವಮೊಗ್ಗದ ಒಬ್ಬ ಡಾಕ್ಟರಿಗೆ ತೋರಿಸಿದೆ. ಸ್ಕ್ಲೆರೋಡರ್ಮಾ ಅಂದರು. ಹೊರಗಿನ ಚರ್ಮದ ಹಾಗೇ ಒಳಗೆ ಅನ್ನನಾಳವೂ ಬಿರುಸಾಗಿದೆ, ತುತ್ತನ್ನು ಕೆಳಕ್ಕೆ ತಳ್ಳುವ ಶಕ್ತಿ ಅದಕ್ಕೆ ಉಳಿದಿಲ್ಲ ಎಂದು ವಿವರಿಸಿದರು. ಪೂರ್ತಿ ವಾಸಿಯಾಗುವುದಿಲ್ಲ, ಹತೋಟಿಯಲ್ಲಿಡಬಹುದು ಎಂದರು. ಇಷ್ಟು ವರ್ಷ ಮಕ್ಕಳಿಗೆ ವಿಜ್ಞಾನ ಹೇಳಿಕೊಟ್ಟವಳು ನಾನು. ಬೋರ್ಡಿನ ಮೇಲೆ ಅನ್ನನಾಳವನ್ನು ಒಂದು ಗೆರೆ ಎಳೆದು ಮುಗಿಸಿಬಿಡುತ್ತಿದ್ದೆ. ಹಾಳಾದ ಗೆರೆ!

ಸವಳಂಗ ರಸ್ತೆಯ ನನ್ನ ಮನೆಯಲ್ಲಿ ಹೇಗೋ ನಡೆಯುತ್ತಿತ್ತು. ತೆಳ್ಳಗಿನ ಗಂಜಿ, ತುತ್ತಿಗೊಂದು ಗುಟುಕು ನೀರು, ಹೊಟ್ಟೆಯ ಹುಳಿ ಗಂಟಲಿಗೆ ಬರದಂತೆ ಮಂಚದ ತಲೆಭಾಗದ ಕಾಲುಗಳ ಕೆಳಗೆ ಇಟ್ಟಿಗೆ. ಕಷ್ಟವಾಗುತ್ತಿದ್ದದ್ದು ಭಾನುವಾರ, ಭದ್ರಾವತಿಯ ಹಳೇ ಊರಿನಲ್ಲಿ ಅಣ್ಣನ ಮನೆಯಲ್ಲಿರುವ ಅಮ್ಮನನ್ನು ನೋಡಲು ಹೋದಾಗ. ನಮ್ಮಲ್ಲಿ ಎಲ್ಲರೂ ಸಾಲಾಗಿ ಊಟಕ್ಕೆ ಕೂರಬೇಕು, ಕೊನೆಯವರ ಊಟ ಮುಗಿಯುವವರೆಗೆ ಯಾರೂ ಏಳುವಂತಿಲ್ಲ. ನಾನು ಒಂದೊಂದೇ ತುತ್ತನ್ನು ಹೆಣಗಾಡಿ ಇಳಿಸುತ್ತಿದ್ದರೆ ಅಣ್ಣ, ಅತ್ತಿಗೆ, ಅಮ್ಮ ಎಲ್ಲರೂ ಒಣಗಿದ ಎಂಜಲ ಕೈಯಲ್ಲಿ ಕಾಯುತ್ತಿದ್ದರು. ಕಾಯಿಲೆಯ ವಿಷಯ ನಾನಿನ್ನೂ ಅವರಿಗೆ ಹೇಳಿರಲಿಲ್ಲ. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸುತ್ತಿತ್ತು.

ಒಂದು ಭಾನುವಾರ ಊಟ ಬೇಡ ಅಂದುಬಿಟ್ಟೆ. ಕಾರಣ ಹೇಳುವ ಮೊದಲೇ ಅಮ್ಮ ಉಪವಾಸವೇನೇ ಎಂದು ಕೇಳಿದಳು. ಹ್ಞೂಂ ಅಂದೆ, ಅಷ್ಟೇ. ಅಮ್ಮ ಆಗಷ್ಟೇ ಹೃದಯದ ಕಾಯಿಲೆಯಿಂದ ಎದ್ದಿದ್ದಳು, ಊಟವೇ ಸೇರುತ್ತಿರಲಿಲ್ಲ. ಮಗಳು ತನ್ನ ಆಯಸ್ಸಿಗಾಗಿ ವ್ರತ ಹಿಡಿದಿದ್ದಾಳೆ ಎಂದು ತಾನೇ ತೀರ್ಮಾನಿಸಿದಳು, ಅಕ್ಕಪಕ್ಕದವರಿಗೆಲ್ಲ ಹೇಳಿಕೊಂಡಳು. ಆಮೇಲೆ ನೋಡಿ, ಎರಡೆರಡು ಸಲ ಸಾರು ಹಾಕಿಸಿಕೊಂಡು ಉಣ್ಣತೊಡಗಿದಳು. ಕೆನ್ನೆ ತುಂಬಿಕೊಂಡಿತು. ಅದನ್ನು ಹೇಗೆ ಕಿತ್ತುಕೊಳ್ಳಲಿ? ನಾನು ಚಿಕ್ಕವಳಾಗಿ ಟೈಫಾಯ್ಡ್‌ನಲ್ಲಿ ಮಲಗಿದ್ದಾಗ ಬರೀ ಕಾಫಿ ಕುಡಿದು ದಿನ ತಳ್ಳಿದ ಹೆಂಗಸು ಅವಳು. ವಿಷಯ ಗೊತ್ತಾದರೆ ಮತ್ತೆ ಅನ್ನ ಬಿಡುತ್ತಾಳೆ. ಈ ವಯಸ್ಸಿನಲ್ಲಿ ಅದನ್ನು ಅವಳ ಜೀವ ತಡೆಯುವುದಿಲ್ಲ. ಅದಕ್ಕೇ ಬಾಯಿ ಮುಚ್ಚಿಕೊಂಡೆ. ಪ್ರತಿ ಭಾನುವಾರ ಬರೀ ಹಾಲು ಕುಡಿದು, ಪಕ್ಕದಲ್ಲಿ ಕೂತು ಅವಳು ಉಣ್ಣುವುದನ್ನು ನೋಡುತ್ತಿದ್ದೆ. ನಿಜ ಹೇಳಬೇಕೆಂದರೆ ಅಷ್ಟು ಸುಖ ನನಗೆ ಬೇರೆ ಯಾವುದರಲ್ಲೂ ಸಿಗಲಿಲ್ಲ.

ಅಪ್ಪನ ಶ್ರಾದ್ಧ ಬಂತು. ಆ ದಿನದ ಊಟ ಬೇಡವೆನ್ನುವಂತಿಲ್ಲ, ಯಾವ ಉಪವಾಸದ ನೆಪವೂ ನಡೆಯುವುದಿಲ್ಲ. ವಡೆಯನ್ನು ಪಾಯಸದಲ್ಲಿ ನೆನೆಸಿ ಒಂದು ಚೂರು ಬಾಯಿಗೆ ಹಾಕಿಕೊಂಡೆ. ಎದೆಯ ನಡುವೆ ನಿಂತೇಬಿಟ್ಟಿತು. ಕುಡಿದ ನೀರೂ ಇಳಿಯಲಿಲ್ಲ, ಎಂಜಲು ಉಕ್ಕಿ ಉಕ್ಕಿ ಬಂತು. ಎಲ್ಲರೂ ಉಣ್ಣುತ್ತಿರುವಾಗಲೇ ಎದ್ದು ಹಿತ್ತಿಲಿಗೆ ಓಡಿ ಕಕ್ಕಿದೆ. ತಿರುಗಿ ನೋಡಿದರೆ ಅಮ್ಮ ಗೋಡೆ ಹಿಡಿದುಕೊಂಡು ಚೊಂಬಿನಲ್ಲಿ ನೀರು ತಂದಿದ್ದಳು.

"ಎಷ್ಟು ದಿನದಿಂದ ಹೀಗೆ?"

ಇನ್ನು ಮುಚ್ಚಿಡಲು ಆಗಲಿಲ್ಲ. ಎಲ್ಲವನ್ನೂ ಹೇಳಿದೆ. ಅಮ್ಮ ನನ್ನ ಮುಖ ತೊಳೆದು ಸೆರಗಿನಲ್ಲಿ ಒರೆಸಿದಳು.

"ನನಗೋಸ್ಕರ ಉಪವಾಸ ಇದ್ದಾಳೆ ಅಂತ ಬೀದಿಗೆಲ್ಲ ಹೇಳ್ಕೊಂಡು ಬಂದೆ. ನೀನು ಹಸ್ಕೊಂಡು ಪಕ್ಕದಲ್ಲೇ ಕೂತಿದ್ರೆ ನಾನು ಖುಷಿಯಾಗಿ ಉಂಡೆನಲ್ಲೇ."

ಇದು ಕಾಯಿಲೆ, ಯಾರ ತಪ್ಪೂ ಅಲ್ಲ ಅಂದೆ. ಅವಳ ಕಿವಿಗೆ ಬೀಳಲಿಲ್ಲ. ನಾಲ್ಕು ಬೈದಿದ್ದರೂ ತಡೆದುಕೊಳ್ಳುತ್ತಿದ್ದೆ, ಹಾಗೆ ತನ್ನನ್ನೇ ಹಳಿದುಕೊಂಡದ್ದನ್ನು ತಡೆಯಲಾಗಲಿಲ್ಲ. ಹಿತ್ತಿಲಲ್ಲೇ ಕೂತು ಅತ್ತೆ.

ಈಗ ಭಾನುವಾರ ಅತ್ತಿಗೆ ನನಗೆಂದು ಗಂಜಿ ಸೋಸಿಡುತ್ತಾರೆ. ಅಮ್ಮ ಅದರಲ್ಲೇ ಅರ್ಧ ಲೋಟ ಬಗ್ಗಿಸಿಕೊಳ್ಳುತ್ತಾಳೆ, ಅನ್ನ ಮುಟ್ಟುವುದಿಲ್ಲ. ಉಳಿದ ದಿನಗಳಲ್ಲೂ ಹೀಗೇ ಅಂತೆ. ಅಣ್ಣ ಗದರಿದ್ದಾಯಿತು, ನಾನು ಕೈಮುಗಿದದ್ದಾಯಿತು. ಹಸಿವೇ ಇಲ್ಲ ಮಾರಾಯ್ತಿ ಅನ್ನುತ್ತಾಳೆ. ಸುಳ್ಳು. ಪಕ್ಕದಲ್ಲಿ ಕೂತ ನನಗೆ ಅವಳ ಹೊಟ್ಟೆ ಗುರುಗುಟ್ಟುವುದು ಕೇಳಿಸುತ್ತದೆ.