ಅಲುಗಾಡದ ಕೊಳವೆ

ಮುಧೋಳದ ಹತ್ತಿರ ಒಂದು ಸಕ್ಕರೆ ಕಾರ್ಖಾನೆಗೆ ನಾನು ಹೋದದ್ದು ಕೊಳವೆಯೊಂದನ್ನು ನೋಡಲು. ಗಾಜಿನ ನಾರನ್ನು ಪದರ ಪದರವಾಗಿ ಅಂಟಿಸಿ ಮಾಡಿದ, ಆಳು ತೂರುವಷ್ಟು ಅಗಲದ ಕೊಳವೆ. ಸಕ್ಕರೆ ಒಣಗಿಸಿದ ಬಿಸಿ ಗಾಳಿ ಅದರಲ್ಲಿ ಹೊರಹೋಗುತ್ತದೆ. ಇಂಥ ಪ್ರತಿ ಕೊಳವೆಗೂ ತನ್ನದೇ ಒಂದು ನಡುಕ ಇರುತ್ತದೆ. ಪದರಗಳ ನಾರು ಯಾವ ದಿಕ್ಕಿಗೆ ಓಡಿದೆ ಎಂಬುದರ ಮೇಲೆ ಅದು ಬದಲಾಗುತ್ತದೆ. ಅದನ್ನು ಮೊದಲೇ ಲೆಕ್ಕಹಾಕಿ ಹೇಳುವುದು ನನ್ನ ಕೆಲಸ. ಹೊಸ ಫ್ಯಾನಿನ ಪೂರ್ತಿ ವೇಗ ಈ ಕೊಳವೆಯ ನಡುಕಕ್ಕೆ ಸರಿಯಾಗಿ ಕೂಡುತ್ತಿತ್ತು. ಹಾಗೆ ಕೂಡಿದರೆ ಅಲುಗಾಟ ಬೆಳೆಯುತ್ತ ಹೋಗಿ ಕೊಳವೆಯೇ ಸೀಳಬಹುದು. ಮ್ಯಾನೇಜರರಿಗೆ ಆ ವೇಗ ಅವತ್ತೇ ಬೇಕಾಗಿತ್ತು.

"ಖರೇನ ಸೀಳತೈತೇನ್ರೀ?" ಎಂದರು.

"ಸೀಳಿ ಬೀಳಬಹುದ್ರೀ."

"ಬಹುದು ಅಂದ್ರ ಹೆಂಗ್ರಿ? ಹೌದು ಅನ್ರಿ, ಇಲ್ಲಾ ಅನ್ರಿ."

ಹೇಳಿ ಹೇಳಿ ನನಗೆ ಸಾಕಾಗಿತ್ತು. ಅಷ್ಟರಲ್ಲಿ ಕೊಳವೆಯ ಕೆಳಗೆ ಕೂತು ಸಕ್ಕರೆ ಚೀಲದ ಬಾಯಿ ಹೊಲಿಯುತ್ತಿದ್ದ ಶಾಂತವ್ವ ತಲೆ ಎತ್ತಿದಳು.

"ಸಾಹೇಬ್ರ, ನಾವು ಇಲ್ಲೇ ಕುಂದ್ರೂದೋ, ಆಚಿ ಹೋಗೂದೋ?"

"ಆಚಿ ಹೋಗ್ರಿ ಯವ್ವಾ" ಎಂದೆ.

ಅವಳು ಎದ್ದಳು, ಅವಳ ಹಿಂದೆಯೇ ಚೀಲ ಹೊಲಿಯುತ್ತಿದ್ದ ಬೇರೆ ಹೆಂಗಸರೂ ಎದ್ದರು. ಮ್ಯಾನೇಜರು ಕೆಲಸ ನಿಲ್ಲಿಸಲೇಬೇಕಾಯಿತು. ಕೊಳವೆಯ ನಡುವಿಗೆ ಸುತ್ತಲೂ ಉಕ್ಕಿನ ಪಟ್ಟಿ ಬಿಗಿದು, ಅದರ ನಡುಕ ಫ್ಯಾನಿನ ವೇಗಕ್ಕೆ ಕೂಡದಂತೆ ಮಾಡುವಷ್ಟರಲ್ಲಿ ಸಂಜೆಯಾಯಿತು. ಆಮೇಲೆ ಫ್ಯಾನು ಪೂರ್ತಿ ವೇಗದಲ್ಲಿ ಓಡಿತು. ಮ್ಯಾನೇಜರು ಏಣಿ ಹತ್ತಿ ಕೊಳವೆಯ ಮೇಲೆ ಅಂಗೈ ಇಟ್ಟರು.

"ಏನೂ ಅಲಗ್ಯಾಡವಲ್ದಲ್ರೀ. ಸುಮ್ನ ಒಂದು ದಿನ ಹಾಳಾತು."

ನಾನು ಲೆಕ್ಕದ ಹಾಳೆ ಮಡಚಿ ಜೇಬಿಗಿಟ್ಟೆ. ಜಮಖಂಡಿ ಬಸ್ಸು ಹತ್ತಿದೆ. ಕಿಟಕಿ, ಸೀಟು, ನನ್ನ ಹಲ್ಲು ಎಲ್ಲವನ್ನೂ ಸೇರಿಸಿಕೊಂಡು ಅದು ದಾರಿಯುದ್ದಕ್ಕೂ ಗಡಗಡ ನಡುಗಿತು. ಆ ನಡುಕದ ಲೆಕ್ಕವನ್ನು ಯಾರೂ ನನ್ನಿಂದ ಕೇಳುವಂತಿರಲಿಲ್ಲ, ಹಾಗಾಗಿ ನೆಮ್ಮದಿಯಿಂದ ನಿದ್ದೆ ಹೋದೆ.