ಯಾರೂ ಒತ್ತದ ಹಸರ ಬಟನ್

ಮೊದಲ ಹೇಳಿಬಿಡತೇನಿ, ಇಂಥಾ ಕತಿ ನಂಬೋ ಪೈಕಿ ನಾನಲ್ಲ. ಎತ್ತು ಈದೈತಿ ಅಂದ್ರ ಕೊಟ್ಟಿಗ್ಯಾಗ ಕಟ್ಟು ಅನ್ನೋ ಮಂದಿ ನಮ್ಮ ಕಡೆ ಬೇಕಾದಷ್ಟು ಅದಾರ, ಅವರ ಜೋಡಿ ವಾದ ಮಾಡಿ ಮಾಡಿ ನನ್ನ ಅರ್ಧ ಆಯುಷ್ಯ ಹೋತು. ಮುದ್ದೇಬಿಹಾಳದಾಗ ಹೈಸ್ಕೂಲ್ ಹುಡುಗರಿಗೆ ವಿಜ್ಞಾನ ಕಲಸಾಂವ ನಾನು. ದೀಪ ಹತ್ತಬೇಕಂದ್ರ ತಂತಿ ಬ್ಯಾಟರಿಯಿಂದ ಹೊಂಟು, ನಡುವ ಎಲ್ಲೂ ಕಡೀದಂಗ, ತಿರುಗಿ ಬ್ಯಾಟರಿಗೇ ಬಂದು ಮುಟ್ಟಬೇಕು ಅಂತ ಪ್ರತಿ ವರ್ಷ ಬೋರ್ಡಿನ ಮ್ಯಾಲ ಚಿತ್ರ ತಗದು ತೋರಸ್ತೇನಿ. ಅದರಾಗ ನನಗ ಇವತ್ತಿಗೂ ಸಂಶಯ ಇಲ್ಲ. ಅದಕ್ಕ ಈ ಸಂಗತಿ ಬರಿಯಾಕ ನನಗ ಸಿಟ್ಟು ಬರತೈತಿ. ನಂಬ್ರಿ ಅಂತ ನಿಮಗ ಕೇಳಾಕತ್ತಿಲ್ಲ, ಆದದ್ದು ಆದಂಗ ಹೇಳ್ತೇನಿ.

ಇದಕ್ಕೆಲ್ಲಾ ಮೂಲ ನಮ್ಮ ಅಣ್ಣ. ಮನಗೂಳಿಯಾಗ ಬೋರಿನ ಮೋಟರ್ ರಿವೈಂಡಿಂಗ್ ಮಾಡೋ ಅಂಗಡಿ ಅವಂದು. ಸುಟ್ಟ ಮೋಟರಿಗೆ ಹೊಸಾ ತಾಮ್ರದ ತಂತಿ ಸುತ್ತೂದ್ರಾಗ ಅವನ್ನ ಮೀರಿಸೋರಿಲ್ಲ. ಆದ್ರ ಅವನ ಲೆಕ್ಕದಾಗ ಜಗತ್ತಿನ್ಯಾಗ ಇರೋ ಸಾಮಾನು ಎರಡ, ಒಂದು ಪಂಪ್, ಇನ್ನೊಂದು ಪಂಪಿನಂಥಾದ್ದು. ಮನಿ ಕೂಲರಿಗೂ ಪಂಪಿನ ಸ್ಟಾರ್ಟರ್ ಹಚ್ಚಿದ ಮನಶ್ಯಾ ಅಂವ. ನೆಟ್ಟಗ ಸಾಲಿ ಕಲೀಲಿಲ್ಲ, ಆದ್ರ ಯಾವ ಡಬ್ಬಿ ಕಂಡ್ರೂ ಬಿಚ್ಚದ ಬಿಡೂದಿಲ್ಲ.

ಮಳಿಗಾಲದಾಗ ಎರಿ ಹೊಲಕ್ಕ ಹೋಗಿ ಮೋಟರ್ ಹೊತ್ಕೊಂಡ ಬರಾಕ ಬೇಕಂತ ಅಂವ ಒಂದು ಹಳೇ ಜೀಪು ತಗೊಂಡ. ನಮ್ಮ ಕಡಿ ಕರಿ ಎರಿ ಮಣ್ಣು ನಿಮಗ ಗೊತ್ತಿದ್ರ ಹೇಳೂದು ಬ್ಯಾಡ. ನಾಕ ಹನಿ ಬಿದ್ರ ಸಾಕು, ಗಾಲಿಗೆ ಹತ್ತಿದ್ದು ಬಿಡೂದಿಲ್ಲ. ಒಂದು ಗಾಲಿ ಜಾರಿ ಗರಗರ ತಿರಗತೈತಿ, ಇನ್ನೊಂದು ಸುಮ್ಮ ನಿಂದರತೈತಿ. ಅದಕ್ಕಂತ ಆ ಜೀಪಿನ ಹಿಂದಿನ ಅಚ್ಚಿನ್ಯಾಗ ಒಂದು ಲಾಕ್ ಇರತೈತಿ. ಲಾಕ್ ಬಿದ್ರ ಎರಡೂ ಗಾಲಿ ಒಂದ ನೊಗಕ್ಕ ಕಟ್ಟಿದ ಎತ್ತಿನಂಗ ಜೋಡೀಲೆ ತಿರಗತಾವು, ಗಾಡಿ ಮ್ಯಾಲ ಬರತೈತಿ. ಆದ್ರ ಡಾಂಬರ ರಸ್ತಾದ ಮ್ಯಾಲ ಅದ ಲಾಕ್ ಬಿದ್ದಿತ್ತಂದ್ರ ಗಾಡಿ ತಿರುವಿನ್ಯಾಗ ಹೊಳ್ಳೂದಿಲ್ಲ, ಮೂತಿ ನೆಟ್ಟಗ ಇಟ್ಕೊಂಡ ಹೋಗತೈತಿ. ಹಂಗ ಆಗಬಾರದಂತ ಮಾಡಿದವರು ಅದಕ್ಕ ಕಟ್ಟು ಹಾಕಿರತಾರ. ಸಣ್ಣ ಗೇರಿನ್ಯಾಗ, ಸಾವಕಾಶ ಹೊಂಟಾಗ ಅಷ್ಟ ಲಾಕ್ ಬೀಳತೈತಿ, ಇಲ್ಲಂದ್ರ ಗಾಡ್ಯಾಗಿನ ಕಂಪ್ಯೂಟರ್ ಬಿಡೂದಿಲ್ಲ.

ಈ ಕಟ್ಟು ಅಣ್ಣಗ ಸೇರಲಿಲ್ಲ. "ಕೆಸರಾಗ ಸಿಕ್ಕಾಂವ ನಾ, ತೀರ್ಮಾನ ಮಾಡೂದು ಡಬ್ಬಿ?" ಅಂದ. ಒಂದು ರವಿವಾರ ಕಂಪ್ಯೂಟರಿನ ವೈರು ಕತ್ತರಿಸಿ ಒಗದು, ನಡುವ ಒಂದು ರಿಲೇ ಡಬ್ಬಿ ಇಟ್ಟು, ಬ್ಯಾಟರಿಯಿಂದ ಸೀದಾ ಲಾಕ್ ಬೀಳಸೋ ಸಣ್ಣ ಮೋಟರಿಗೆ ವೈರು ಎಳದ. ಸ್ವಿಚ್ ಯಾವುದು ಹಾಕಿದ್ದ ಅಂತೀರಿ? ಪಂಪಿನ ಸ್ಟಾರ್ಟರಿನ ಬಟನ್. ಹಸರ ಒತ್ತಿದ್ರ ಲಾಕ್ ಬೀಳಬೇಕು, ಕೆಂಪ ಒತ್ತೂ ತನಕ ಹಿಡಕೊಂಡ ಇರಬೇಕು. ಮಗ್ಗಲಕ ಒಂದು ಸಣ್ಣ ಹಸರ ದೀಪ, ಲಾಕ್ ಬಿದ್ದೈತಿ ಅಂತ ತಿಳಿಯಾಕ. ಸ್ಟೇರಿಂಗಿನ ಬಾಜೂಕ ಆ ಎರಡು ಬಟನ್ ಕಂಡಾಗೊಮ್ಮೆ ನನಗ ಹೊಲದ ಪಂಪ್‌ಸೆಟ್ಟಿನ ಖೋಲ್ಯಾಗ ಕುಂತಂಗ ಆಗತಿತ್ತು. ಬ್ಯಾಡೋ ಅಣ್ಣ, ಇದು ಪಂಪ್ ಅಲ್ಲ, ಇದರಾಗ ಮಂದಿ ಕುಂಡ್ರತಾರ ಅಂತ ನೂರು ಸಲ ಹೇಳಿದೆ. ಕ್ವಾಣನ ಮುಂದ ಕಿನ್ನರಿ ಬಾರಿಸಿದಂಗಾತು.

ಮುಂದ ಆಗೂದು ಆತು. ಒಂದಿನ ಮುದ್ದೇಬಿಹಾಳದ ನಮ್ಮ ಮನ್ಯಾಗಿದ್ದ ಅವ್ವನ್ನ ಕರಕೊಂಡು ಅಣ್ಣ ಮನಗೂಳಿಗೆ ಹೊಂಟಿದ್ದ. ಬಾಗೇವಾಡಿ ಇನ್ನೂ ಮುಂದಿತ್ತು, ಒಂದು ತಿರುವಿನ್ಯಾಗ ಗಾಡಿ ಹೊಳ್ಳಲೇ ಇಲ್ಲ, ನೆಟ್ಟಗ ಹೋಗಿ ತಗ್ಗಿನ್ಯಾಗ ಇಳೀತು. ಅವ್ವನ ಬಲಗೈ ಮಣಿಕಟ್ಟು ಮುರೀತು. ನಾನು ದವಾಖಾನಿ ಮುಟ್ಟಿದಾಗ ಇಂಡಿ ಊರಿಂದ ಸ್ವಾದರಮಾವ ಬಂದಿದ್ದ, ಅಣ್ಣನ ಹೆಂಡತಿ ವೈನಿ ಇದ್ರು, ಓಣಿ ಮಂದಿ ನಾಕೈದು ಇದ್ರು. ಎಲ್ಲಾರ ಮುಂದ ಅಣ್ಣ ಒಂದ ಮಾತು ಹೇಳಾಕತ್ತಿದ್ದ. "ನಾ ಹಸರ ಬಟನ್ ಮುಟ್ಟಿಲ್ಲ. ದೀಪ ತಾನ ಹತ್ತಿತು, ಲಾಕ್ ತಾನ ಬಿತ್ತು."

ನನ್ನ ಸಿಟ್ಟು ನೆತ್ತಿಗೇರಿತು. ಹೊಲದಾಗ ಒತ್ತಿರಬೇಕು, ಕೆಂಪ ಒತ್ತಾಕ ಮರತಿರಬೇಕು, ಇಷ್ಟ ಸರಳ. ತಪ್ಪಾತು ಅಂದಿದ್ರ ಮುಗೀತಿತ್ತು. ಅದನ್ನ ಬಿಟ್ಟು ದೀಪ ತಾನ ಹತ್ತಿತು ಅಂದ್ರ ನನ್ನಂಥಾ ಮಾಸ್ತರ ಹೆಂಗ ಸುಮ್ಮ ಇರಬೇಕು? ಸುಳ್ಳ ಹೇಳಬ್ಯಾಡ ಅಂದೆ. ಅಂವ "ಅವ್ವನ ಆಣಿ, ನಾ ಒತ್ತಿಲ್ಲ" ಅಂದ.

ನಮ್ಮ ಮಂದ್ಯಾಗ ಅವ್ವನ ಆಣಿ ಅಂದ ಮ್ಯಾಲ ಮಾತು ಮುಗೀತು. ಖರೇ ಇರಲಿ ಸುಳ್ಳ ಇರಲಿ, ಆ ಮ್ಯಾಲ ಯಾರೂ ಕೆದಕೂದಿಲ್ಲ. ನಾ ಕೆದಕಿದೆ. ಆಣಿ ಮಾಡಿದ್ರ ವೈರಿಗೆ ತಿಳೀತೈತೇನು ಅಂದೆ. ಮಾವ ತಲಿ ತಗ್ಗಿಸಿದ. ಅಣ್ಣ ಗಾಡಿ ಕೀಲಿ ನನ್ನ ಕೈಯಾಗ ಇಟ್ಟು ಹೊರಗ ಹೋದ. ಅವತ್ತಿನಿಂದ ಅಂವ ನಮ್ಮ ಮನಿ ಹೊಸ್ತಲ ತುಳೀಲಿಲ್ಲ, ಫೋನ್ ಮಾಡಿದ್ರ ಎತ್ತಲಿಲ್ಲ. ಅವ್ವ ಅವನ ಹತ್ರ ಇದ್ಲು, ನಾ ಮಾತಾಡೂದಿದ್ರ ಅಕಿ ಜೋಡಿ ಅಷ್ಟ. ಫೋನಿನ್ಯಾಗ ಅವ್ವ ಪ್ರತಿ ಸಲ ಒಂದ ಕೇಳ್ತಿದ್ಲು, ನೀವಿಬ್ಬರೂ ನನ್ನ ಕಣ್ಣ ಮುಂದ ಮಾತಾಡೂದು ಯಾವಾಗ ಅಂತ. ತಪ್ಪು ಅವಂದು, ಮುನಿಸೂ ಅವಂದ ಅಂತ ನಾನೂ ಬಿಗಿದು ಕುಂತೆ.

ಜೀಪು ರಿಪೇರಿ ಆಗಿ ನನ್ನ ಅಂಗಳಕ್ಕ ಬಂತು. ಮಾರಿ ಪೀಡಾ ಕಳಕೊಳ್ಳೋಣ ಅಂತ ಅಣ್ಣನ ವೈರಿಂಗ್ ಕೀಳಾಕ ಕುಂತೆ. ಏನ್ ಹೇಳ್ಲಿ ಆ ಅವತಾರ. ಎಲ್ಲಾ ವೈರೂ ಕೆಂಪು. ಪ್ಲಸ್ ಕೆಂಪು, ಮೈನಸ್ ಕೆಂಪು, ದೀಪದ್ದೂ ಕೆಂಪು, ಯಾಕಂದ್ರ ಅವತ್ತ ಅಂಗಡ್ಯಾಗ ಕೆಂಪ ಸುರಳಿ ಒಂದ ಇತ್ತಂತ. ಜೋಡಣಿ ಮ್ಯಾಲ ಟೇಪು, ಟೇಪಿನ ಮ್ಯಾಲ ಸುತಳಿ. ಯಾವುದು ಎಲ್ಲಿಗೆ ಹೋಗೈತಿ ಅಂತ ಹುಡಕೂದ್ರಾಗ ಇಡೀ ದಿನ ಹೋತು. ಕಡೀಕ ಬ್ಯಾಟರಿ ಕಡಿ ವೈರು ಕತ್ತರಿಸಿದೆ, ರಿಲೇ ಡಬ್ಬಿ ಬಿಚ್ಚಿ ಮನ್ಯಾಗ ಕಪಾಟಿನ ಮ್ಯಾಲ ಇಟ್ಟೆ, ಗಾಡಿ ಕೆಳಗ ಮಲಗಿ ಲಾಕಿನ ಮೋಟರಿನ ಕನೆಕ್ಟರ್ ಕಿತ್ತು ಅದರ ಬಾಯಿಗೆ ಟೇಪು ಸುತ್ತಿದೆ. ಬಟನ್ ಎರಡೂ, ದೀಪಾನೂ ಮಾತ್ರ ಹಂಗ ಬಿಟ್ಟೆ, ತಗದ್ರ ಅಲ್ಲಿ ತೂತು ಉಳೀತಾವು ಅಂತ. ಅವುಗಳ ಹಿಂದಿನ ವೈರು ಬುಡಕ್ಕ ಕತ್ತರಿಸಿದ್ದೆ. ಈ ಕೈಲೇನ ಕತ್ತರಿಸಿದ್ದೆ.

ಸಿಂದಗಿಯವರೊಬ್ಬರು ಗಾಡಿ ನೋಡತೇನಿ ಅಂದ್ರು. ಒಂದು ಶನಿವಾರ ಸಾಲಿ ಮುಗಿಸಿ ಮಧ್ಯಾಹ್ನ ಬಾಗೇವಾಡಿ ಮ್ಯಾಲಿಂದ ನಾನೊಬ್ಬನ ಹೊಂಟೆ. ಬಿಸಲು ಚಲೋ ಬಿದ್ದಿತ್ತು, ರಸ್ತಾ ಒಣಗಿತ್ತು. ಅಣ್ಣನ ಕೈಯಾಗ ಗಾಡಿ ತಗ್ಗಿಗೆ ಇಳದಿದ್ದ ಅದ ತಿರುವು ಬಂದಾಗ ಮುಂದ ಒಂದು ಆಡಿನ ಹಿಂಡು ದಾಟಾಕತ್ತಿತ್ತು, ಅದಕ್ಕ ಗಾಡಿ ಪೂರಾ ಸಾವಕಾಶ ಮಾಡಿದ್ದೆ. ಹಿಂಡು ದಾಟಿದ ಮ್ಯಾಲ ಸ್ಟೇರಿಂಗ್ ತಿರಿವಿದೆ. ಗಾಡಿ ಹೊಳ್ಳಲಿಲ್ಲ. ಹಿಂದಿನ ಗಾಲಿ ಡಾಂಬರಿನ ಮ್ಯಾಲ ಕಿರ್ ಅಂತ ಒದರಿದ್ವು, ಮೂತಿ ನೆಟ್ಟಗ ತಗ್ಗಿನ ಕಡೆ ಹೊಂಟಿತು. ಬ್ರೇಕ್ ಒತ್ತಿ ನಿಲ್ಲಿಸಿದಾಗ ಮುಂದಿನ ಗಾಲಿ ಅಂಚಿನ ಮ್ಯಾಲಿತ್ತು. ತಲಿ ತಗ್ಗಿಸಿ ನೋಡಿದ್ರ ಹಸರ ದೀಪ ಹತ್ತಿತ್ತು.

ನನ್ನ ಕೈ ಎರಡೂ ಸ್ಟೇರಿಂಗ್ ಮ್ಯಾಲ ಇದ್ವು, ಇಷ್ಟು ಮಾತ್ರ ನನಗ ಪಕ್ಕಾ. ಅಂಜಿಕಿ ಒಳಗ ಕೈ ಕೆಂಪ ಬಟನ್ನಿಗೆ ಹೋತು. ಅದರ ಹಿಂದ ವೈರ ಇಲ್ಲ ಅನ್ನೂದು ಆ ಹೊತ್ತಿನ್ಯಾಗ ನೆಪ್ಪಾಗಲಿಲ್ಲ. ಒತ್ತಿದೆ. ಹಿಂದ ಖಟ್ ಅಂತ ಸಪ್ಪಳಾತು, ದೀಪ ಆರಿತು. ರಿವರ್ಸ್ ಹಾಕಿ ತಿರಿವಿದೆ, ಗಾಡಿ ಏನೂ ಆಗಿಲ್ಲದಂಗ ಹೊಳ್ಳಿತು.

ಇಳದು ಬಾನೆಟ್ ಎತ್ತಿದೆ. ಬ್ಯಾಟರಿ ಕಡಿ ವೈರು ನಾ ಕತ್ತರಿಸಿದಲ್ಲೇ ಮೋಟ ಆಗಿ ನಿಂತಿತ್ತು. ಗಾಡಿ ಕೆಳಗ ತೂರಿದೆ. ರಸ್ತಾದ ಬಾಜೂದ ನೆಲ ಇನ್ನೂ ಹಸಿ ಇತ್ತು, ಇಸ್ತ್ರಿ ಮಾಡಿದ ಬಿಳಿ ಅಂಗಿ ಎರಿ ಮಣ್ಣಿನ್ಯಾಗ ಹೋತು. ಕನೆಕ್ಟರಿನ ಬಾಯಿಗೆ ನನ್ನ ಟೇಪು ಸುತ್ತಿದಂಗ ಇತ್ತು, ಒಂದು ಎಳಿ ಬಿಚ್ಚಿರಲಿಲ್ಲ. ಕೈ ಕೆಸರಾದ್ರ ಬಾಯಿ ಮೊಸರು ಅಂತಾರಲ್ಲ, ನನಗ ಬರೇ ಕೆಸರ ಸಿಕ್ಕಿತು. ಹೊರಗ ಬಂದ್ರ ಆಡು ಕಾಯಾಂವ ಬಡಿಗಿ ಊರಕೊಂಡು ನಿಂತಿದ್ದ. "ಪಂಚರೇನ್ರಿ ಸರ?" ಅಂದ. ಒಳಗಿನ ಹಸರ ದೀಪ ನೋಡಿದ್ಯೇನಪಾ ಅಂತ ಕೇಳಿದೆ. "ನಾ ನನ್ನ ಆಡ ನೋಡಾಕತ್ತಿದ್ನಿರಿ, ನಿಮ್ಮ ದೀಪ ಯಾಕ ನೋಡ್ಲಿ?" ಅಂದು ನಡದ. ಅವನ ಮಾತೂ ಖರೇನ.

ಸಿಂದಗಿಗೆ ಹೋಗಲಿಲ್ಲ. ಬಾಗೇವಾಡಿಯೊಳಗ ಒಬ್ಬ ಮೆಕ್ಯಾನಿಕ್ ಹತ್ರ ಹಿಂದಿನ ಅಚ್ಚು ಬಿಚ್ಚಿಸಿ ನೋಡಿಸಿದೆ. ಲಾಕ್ ತುಕ್ಕು ಹಿಡದು ಸಿಕ್ಕೊಂಡಿರಬೇಕು ಅಂತ ನನ್ನ ಆಶಾ. ತುಕ್ಕಿಲ್ಲ, ಒಳಗ ಎಲ್ಲಾ ಚಲೋ ಐತಿ ಅಂದ. ಖರೇ ಸಿಕ್ಕೊಂಡಿದ್ರೂ ಗಾಲಿ ಮಾತು ಅಷ್ಟ ಬಗಿಹರೀತಿತ್ತು, ದೀಪಾ ಹೆಂಗ? ಮನಿಗೆ ಬಂದು ಹೆಂಡತಿಗೆ ಹೇಳಿದೆ. ನಿಮ್ಮ ಕೈ ತಾಗಿರಬೇಕು ಅಂದ್ಲು. ತಾಗಿದ್ರೂ ವೈರ ಎಲ್ಲೈತಿ ಅಂದ್ರ, ಒಂದು ವೈರು ಕತ್ತರಿಸೂದು ಬಿಟ್ಟಿರ್ತೀರಿ, ನಿಮ್ಮ ಮರವು ನನಗ ಗೊತ್ತಿಲ್ಲೇನು ಅಂದು, ಉಪ್ಪು ಮೆಣಸಿನಕಾಯಿ ತಂದು ಗಾಡಿಗೊಮ್ಮೆ ನನಗೊಮ್ಮೆ ನಿವಾಳಿಸಿದ್ಲು. ನಮ್ಮ ಸಾಲಿ ಗಣಿತದ ಮಾಸ್ತರಗ ಫೋನ್ ಮಾಡಿ ಹೇಳಿದೆ. ಅಂವ ನಕ್ಕು, ಬಿಸಲಾಗ ಹಸರ ಕಂಡಿರಬೇಕ್ರಿ ಸರ, ಬಿ.ಪಿ. ತೋರಿಸ್ರಿ ಅಂದ. ನಾನೇನು ಹುಚ್ಚನೇನು? ಇಪ್ಪತ್ತು ವರ್ಷ ಇವರ ಜೋಡಿ ಚಹಾ ಕುಡದೇನಿ, ಒಂದು ಸುಳ್ಳ ಹೇಳಿದ್ದಿಲ್ಲ, ಒಬ್ಬರೂ ಒಂದು ಮಾತು ನಂಬಲಿಲ್ಲ. ರಾತ್ರಿ ನಿದ್ದಿ ಹತ್ತಲಿಲ್ಲ. ಆಣಿ ಮಾಡೂಣೇನು ಅಂತ ಬಾಯಿಗೆ ಬಂದಿತ್ತು. ಆಗ ಅಣ್ಣ ನೆಪ್ಪಾದ.

ಮರುದಿನ ರವಿವಾರ. ಜೀಪು ಮುಟ್ಟಲಿಲ್ಲ, ಬಸ್ಸಿಗೆ ಮನಗೂಳಿಗೆ ಹೋದೆ. ಅಣ್ಣ ಅಂಗಡ್ಯಾಗ ತಂತಿ ಸುತ್ತಾಕತ್ತಿದ್ದ, ತುಟಿ ಒಳಗ ಎಣಿಸಾಕತ್ತಿದ್ದ. ಅಂವ ಸುತ್ತು ಎಣಿಸೂ ಮುಂದ ಮನ್ಯಾಗ ಯಾರೂ ಮಾತಾಡ್ಸೂದಿಲ್ಲ, ಎಣಿಕಿ ತಪ್ಪಿದ್ರ ಇಡೀ ಸುತ್ತು ಬಿಚ್ಚಿ ಮತ್ತ ಮೊದಲಿಂದ ಸುತ್ತಬೇಕು. ನಾ ಬಾಗಲದಾಗ ನಿಂತೆ. ಅಂವ ಕಣ್ಣೆತ್ತಿ ನೋಡಿದ, ಕೈ ನಿಲ್ಲಿಸಲಿಲ್ಲ. ನನಗ ತಡೀಲಾರದ ಹೇಳಿಬಿಟ್ಟೆ. ಅಣ್ಣ, ಅದ ತಿರುವಿನ್ಯಾಗ, ನಿನ್ನೆ, ನಾ ಒತ್ತಿಲ್ಲ, ವೈರೂ ಇದ್ದಿಲ್ಲ, ದೀಪ ಹತ್ತಿತು.

ಅಣ್ಣನ ಕೈ ನಿಂತಿತು. ಅರ್ಧ ಸುತ್ತಿದ ತಂತಿ ಸಡಲಾಗಿ ಬಿಚ್ಚಾಕತ್ತಿತು, ಅಂವ ಅದನ್ನ ನೋಡಲಿಲ್ಲ. ಈಗ ಬೈತಾನ ಅಂತ ತಯಾರಾಗಿ ನಿಂತಿದ್ದೆ. ಬೈದಿದ್ರ ಚಲೋ ಆಗತಿತ್ತು. ಯಾವ ವೈರು, ಹೆಂಗ ಕತ್ತರಿಸಿದ್ದಿ, ಮತ್ತೊಮ್ಮೆ ನೋಡಿದ್ಯೇನು ಅಂತ ಅಂವ ಒಂದೂ ಕೇಳಲಿಲ್ಲ.

"ನಿನಗೆಲ್ಲೂ ಪೆಟ್ಟಾಗಿಲ್ಲಲ್ಲ?" ಅಂದ.

ಇಲ್ಲ ಅಂತ ತಲಿ ಅಲ್ಲಾಡಿಸಿ ಅಂಗಡಿ ಹೊಸ್ತಲ ಮ್ಯಾಲ ಕುಂತೆ. ಒಳಗಿನಿಂದ ವೈನಿ ಬಂದು ನನ್ನ ಮಾರಿ ನೋಡಿ ನೀರು ತಂದು ಕೊಟ್ರು. ಆಮ್ಯಾಲ ಅವರ ಹೇಳಿದ್ರು, ಅವ್ವನ ಕೈ ಮುರದ ದಿನ ಸ್ಟೇರಿಂಗ್ ಬಡದು ಅಣ್ಣನ ಪಕ್ಕೆಲುವು ಎರಡು ಸೀಳಿದ್ವಂತ. ಎಷ್ಟೋ ದಿನ ಗ್ವಾಡಿಗೆ ಆನಕೊಂಡು ಕುಂತ ನಿದ್ದಿ ಮಾಡ್ಯಾನ. ನನಗ ಹೇಳಬ್ಯಾಡ ಅಂದಿದ್ನಂತ.

ಆ ಜೀಪು ಇನ್ನೂ ಮಾರಿಲ್ಲ. ಗೊತ್ತಿದ್ದ ಮನಶ್ಯಾರಿಗೆ ಕೊಡಾಕ ಮನಸಿಲ್ಲ, ಗೊತ್ತಿಲ್ಲದವರಿಗೂ ಮನಸಿಲ್ಲ. ಅಣ್ಣನೂ ನಾನೂ ಕೂಡಿ ಮತ್ತ ಎರಡು ಸಲ ಅದನ್ನ ಬಿಚ್ಚಿ ನೋಡಿದಿವಿ, ಏನೂ ಸಿಗಲಿಲ್ಲ. ವೈರಿಲ್ಲದ ದೀಪ ಹೆಂಗ ಹತ್ತಿತು ಅಂತ ಯಾರರ ಬಲ್ಲವರು ಹೇಳಿದ್ರ ಕೇಳಾಕ ತಯಾರದೇನಿ. ಆದ್ರ ಅವತ್ತ ದವಾಖಾನ್ಯಾಗ ಅಷ್ಟು ಮಾತಾಡಿದಾಂವ, ಎದುರಿಗೆ ನಿಂತ ಅಣ್ಣಗ ನಿನಗೇನಾತು ಅಂತ ಒಂದು ಮಾತು ಯಾಕ ಕೇಳಲಿಲ್ಲ ಅನ್ನೂದು ಮಾತ್ರ ಬ್ಯಾರೆ ಯಾರೂ ಬಂದು ಹೇಳೂದಲ್ಲ. ಅದು ನನಗೂ ತಿಳದಿಲ್ಲ.